ಮೂರನೆಯ ಅಲಗು

ಗುಂಡಿ ತೂರಿಸುವ ನೂರು ಕಾಜಾ ಹಾಕಿದರೆ ಅರವತ್ತು ರೂಪಾಯಿ. ಅಂಗಿಯೊಂದಕ್ಕೆ ಏಳು ಕಾಜಾ, ದಿನಕ್ಕೆ ಮೂವತ್ತು ಅಂಗಿ. ಮನೆ ಬಾಡಿಗೆ ಆರು ಸಾವಿರ. ಗ್ಯಾಸು ಸಾವಿರದ ನೂರು. ಗಂಡನ ಪಿಂಚಣಿ ನಾಲ್ಕು ಸಾವಿರದ ಇನ್ನೂರು. ಆ ಗಂಡ ಮೊನ್ನೆ ಹಳೇ ಸಾಮಾನಿನ ಬಜಾರಿನಿಂದ ತಂದ ಚಾಕು ಮೂರು ಸಾವಿರದ ಏಳುನೂರು. ಮಡಚಿದರೆ ಅಂಗೈಯಲ್ಲಿ ಮುಚ್ಚಿಹೋಗುತ್ತದೆ. ಅದರಲ್ಲಿ ಈರುಳ್ಳಿ ಹೆಚ್ಚುವ ಹಾಗಿಲ್ಲ, ಹಣ್ಣು ಸುಲಿಯುವ ಹಾಗಿಲ್ಲ, ಮುಟ್ಟುವ ಹಾಗೇ ಇಲ್ಲ.

"ಇಪ್ಪತ್ತೊಂಬತ್ತು ದಿನ," ಎಂದಳು ಕಾಜಾದಮ್ಮ.

"ಏನು ಇಪ್ಪತ್ತೊಂಬತ್ತು?"

"ನಾನು ಇಪ್ಪತ್ತೊಂಬತ್ತು ದಿನ ಬೆನ್ನು ಬಗ್ಗಿಸಿ ಕೂತರೆ ನಿಮ್ಮ ಈ ಒಂದು ಚಾಕು."

"ನಿನ್ನ ದುಡ್ಡಲ್ಲಿ ತಂದಿಲ್ಲವಲ್ಲ. ನನ್ನ ಪಿಂಚಣಿ."

"ಹೌದು. ನಿಮ್ಮ ಪಿಂಚಣಿ ಚಾಕು ತರುತ್ತೆ, ನನ್ನ ಕಾಜಾ ಅಕ್ಕಿ ತರುತ್ತೆ. ಒಂದು ದಿನ ಅದಲು ಬದಲು ಮಾಡಿ ನೋಡೋಣ."

ಗಂಡ, ಎಲ್ಲರ ಬಾಯಲ್ಲಿ ಮೇಸ್ತ್ರಿ, ಚಾಕುವನ್ನು ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಅಲಗನ್ನು ತೆರೆದ. ಟಕ್. ಮುಚ್ಚಿದ. ಟಕ್.

ಅವನಿಗೆ ಮೇಸ್ತ್ರಿ ಎಂಬ ಹೆಸರು ಅಂಟಿದ್ದು ಎರಕದ ಕಾರ್ಖಾನೆಯಲ್ಲಿ. ಕಬ್ಬಿಣ ಕರಗಿಸಿ ಹೊಯ್ಯುವ ಮುಂಚೆ ಅದೇ ಆಕಾರವನ್ನು ಮರದಲ್ಲಿ ಕೊರೆದು ಕೊಡಬೇಕು. ಆ ಕೆಲಸವನ್ನು ಅವನು ಮೂವತ್ತನಾಲ್ಕು ವರ್ಷ ಮಾಡಿದ್ದ. ಮೂಲೆ ಮುಡುಕು ಕೆತ್ತಲು ಅವನ ಜೇಬಿನಲ್ಲಿ ಯಾವಾಗಲೂ ಮೂರು ಅಲಗಿನ ಮಡಚುವ ಚಾಕು ಇರುತ್ತಿತ್ತು. ಒಂದು ತುದಿಗೆ ಒಂದು ದೊಡ್ಡ ಅಲಗು, ಇನ್ನೊಂದು ತುದಿಗೆ ಎರಡು ಚಿಕ್ಕವು. ಚಿಕ್ಕವಕ್ಕೆ ಒಂದೊಂದೇ ಸ್ಪ್ರಿಂಗು. ದೊಡ್ಡದು ಎರಡರ ಮೇಲೂ ಕೂರುತ್ತದೆ. ಬಲ್ಲವರು ಇದಕ್ಕೆ ವಿಟ್ಲರ್ ಎನ್ನುತ್ತಾರೆ. ಕೆಲಸ ಬಿಟ್ಟ ಮೇಲೆ ಮರ ಹೋಯಿತು, ಚಾಕುವಿನ ಹುಚ್ಚು ಉಳಿಯಿತು. ಈಗ ಕಪಾಟಿನ ಡ್ರಾಯರಿನಲ್ಲಿ, ಹಸಿರು ಬಟ್ಟೆಯ ಮೇಲೆ, ನಲವತ್ತೊಂದು ಮಲಗಿದ್ದವು. ಪ್ರತಿಯೊಂದೂ ಮನೆಯ ಯಾರಿಗಿಂತಲೂ ಹಳೆಯದು.

ಇಂಥ ಚಾಕುಗಳನ್ನು ಕೂಡಿಡುವವರು, ಒಬ್ಬ ಹಲ್ಲಿನ ಡಾಕ್ಟರೂ ಸೇರಿ, ಊರಲ್ಲಿ ಹತ್ತು ಹನ್ನೆರಡು ಜನ ಇದ್ದರು. ಅವರು ಆಗಾಗ ಒಬ್ಬರದನ್ನು ಒಬ್ಬರು ಕೊಳ್ಳುತ್ತಿದ್ದರು. ಮೇಸ್ತ್ರಿ ಮಾರಿದ ಚಾಕುವಿನ ಜೊತೆ ಒಂದು ಚೀಟಿ ಹೋಗುತ್ತಿತ್ತು. ಅದರಲ್ಲಿ ಎರಡೇ ಸಾಲು: 'ಮೂರೂ ಅಲಗು ಜೊತೆಗೆ ಹುಟ್ಟಿದವು. ಸಾಣೆ ಕಂಡಿಲ್ಲ.' ಕೆಳಗೆ ಸಹಿ. ಆ ಹನ್ನೆರಡು ಜನರಲ್ಲಿ ಆ ಚೀಟಿ ನೋಟಿನ ಹಾಗೆ ನಡೆಯುತ್ತಿತ್ತು. ಅಲಗು ಮೂಲದ್ದೋ ಬದಲಿಯೋ ಎಂದು ತೆರೆಯುವಾಗಿನ ಟಕ್ ಸದ್ದಿನಲ್ಲೇ ಅವನಿಗೆ ತಿಳಿಯುತ್ತಿತ್ತು. ಬದಲಾಗಿದ್ದರೆ, ಸಾಣೆಗೆ ಕೊಟ್ಟು ಸವೆಸಿದ್ದರೆ, ಮೇಸ್ತ್ರಿ ಅದನ್ನೇ ಬರೆಯುತ್ತಿದ್ದ. ಬೆಲೆ ಮುಕ್ಕಾಲು ಪಾಲು ಬಿದ್ದರೂ ಸರಿಯೇ.

ಕಾಜಾದಮ್ಮ ಆ ಡ್ರಾಯರನ್ನು ಒಮ್ಮೆಯೂ ಮುಟ್ಟಿದವಳಲ್ಲ. ಮುಟ್ಟಿದ್ದು ಒಂದು ಗುರುವಾರ.

ಅವತ್ತು ಅಂಗಿ ಕಾರ್ಖಾನೆಯವನು ನಾಲ್ಕು ಗಂಟೆಗೆ ಬರುವವನಿದ್ದ. ನಲವತ್ತು ಅಂಗಿ, ಎಲ್ಲದರ ಕಾಲರಿನಲ್ಲೂ ದಪ್ಪ ಕ್ಯಾನ್ವಾಸು. ಕಾಜಾ ಸೀಳುವ ಅವಳ ಸಣ್ಣ ಉಳಿ ಮೊಂಡಾಗಿ ಬಟ್ಟೆ ಜಗ್ಗುತ್ತಿತ್ತು. ಮೇಸ್ತ್ರಿ ಬಜಾರಿಗೆ ಹೋಗಿದ್ದ. ಅವಳು ಡ್ರಾಯರು ಎಳೆದು, ಎಲ್ಲಕ್ಕಿಂತ ತೆಳ್ಳಗಿನ ಅಲಗು ಯಾವುದೆಂದು ನೋಡಿ, ಜಿಂಕೆ ಕೊಂಬಿನ ಹಿಡಿಯ ಚಾಕು ಎತ್ತಿಕೊಂಡಳು. ಚಿಕ್ಕ ಅಲಗು ಕ್ಯಾನ್ವಾಸಿನಲ್ಲಿ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೋಯಿತು. ಮೂವತ್ತೊಂದು ಕಾಲರು ಮುಗಿಸಿದಳು. ಇಷ್ಟು ವರ್ಷ ಇದು ಮನೆಯಲ್ಲೇ ಇದ್ದೂ ನಾನು ಮೊಂಡು ಉಳಿಯಲ್ಲಿ ಒದ್ದಾಡಿದೆನಲ್ಲ ಎಂದು ಹೊಟ್ಟೆ ಉರಿಯಿತು. ಮೂವತ್ತೆರಡನೆಯದರಲ್ಲಿ ಅಲಗಿನ ತುದಿ ಹೊಲಿಗೆ ಮಿಷಿನ್ನಿನ ಕಬ್ಬಿಣದ ಚೌಕಟ್ಟಿಗೆ ಸಿಕ್ಕಿತು. ಟಿಕ್ ಎಂದಿತು. ಅರ್ಧ ಅಲಗು ಅವಳ ಮಡಿಲಿಗೆ ಬಿತ್ತು.

ಊಟಕ್ಕೆ ಬಂದ ಮಗನಿಗೆ ಅವಳು ತೋರಿಸಿದಾಗ ಅವನು ಕೈ ತೊಳೆಯುವುದನ್ನೂ ಮರೆತ. ಅವನದು ಬೀಗ ರಿಪೇರಿ, ಕೀಲಿ ಮಾಡುವ ಕೆಲಸ; ಫುಟ್‌ಪಾತಿನಲ್ಲಿ ಒಂದು ಮೇಜು, ಒಂದು ಕೊಡೆ.

"ಎಲ್ಲಾ ಬಿಟ್ಟು ಇದೇ ಬೇಕಿತ್ತಾ ಅಮ್ಮ? ಇದು ಅಪ್ಪನ ಜೀವ."

"ತೆಳ್ಳಗಿತ್ತು ಕಣೋ."

"ಅಪ್ಪನ ಕೈಗೆ ಸಿಕ್ಕರೆ ನಾವಿಬ್ಬರೂ ತೆಳ್ಳಗಾಗ್ತೀವಿ. ತಾ ಇಲ್ಲಿ."

ಮೇಸ್ತ್ರಿಯ ಹತ್ತಿರ ಒಂದು ಹಳೇ ಬಿಸ್ಕತ್ತಿನ ಡಬ್ಬವಿತ್ತು. ಹಿಡಿ ಒಡೆದವು, ತುಕ್ಕು ತಿಂದವು, ಯಾವುದಕ್ಕೂ ಬಾರದ ಚಾಕುಗಳನ್ನು ಅದರಲ್ಲಿ ಹಾಕಿಡುತ್ತಿದ್ದ. ಮಗ ಅದನ್ನು ತಡಕಿ, ಅದೇ ಕಾರ್ಖಾನೆಯ, ಅದೇ ಅಳತೆಯ ಒಂದು ಚಿಕ್ಕ ಅಲಗು ಹುಡುಕಿದ. ಮೊಳೆ ಹೊಡೆದು ತೆಗೆದ, ಅಲಗು ಕೂರಿಸಿದ, ಹೊಸ ಮೊಳೆ ಬಡಿದು ತಲೆ ಕಾಣದ ಹಾಗೆ ಉಜ್ಜಿದ. ಬಣ್ಣ ಹೊಂದಲಿಲ್ಲ, ಹೊಸದಾಗಿ ಸೇರಿದ್ದು ಬೆಳ್ಳಗಿತ್ತು. ಅದನ್ನು ಒಂದು ಬೇಯಿಸಿದ ಆಲೂಗಡ್ಡೆಗೆ ಚುಚ್ಚಿ ಒಂದು ರಾತ್ರಿ ಬಿಟ್ಟ. ಬೆಳಗಾಗುವಷ್ಟರಲ್ಲಿ ಅಲಗು ಉಳಿದೆರಡರ ಹಾಗೇ ಬೂದಿ ಬಣ್ಣಕ್ಕೆ ತಿರುಗಿತ್ತು. ಉಳಿದ ಆಲೂಗಡ್ಡೆಯ ಪಲ್ಯವನ್ನು ಮೇಸ್ತ್ರಿ ಎರಡು ಸಲ ಹಾಕಿಸಿಕೊಂಡು ತಿಂದ.

ಮೇಸ್ತ್ರಿ ಡ್ರಾಯರು ತೆಗೆಯುವುದು ಭಾನುವಾರ ಮಾತ್ರ. ಆ ಭಾನುವಾರ ಅವನು ಜಿಂಕೆ ಕೊಂಬಿನದನ್ನು ಕೈಗೆತ್ತಿಕೊಂಡಾಗ ಕಾಜಾದಮ್ಮನ ಸೂಜಿ ಬಟ್ಟೆಯಲ್ಲೇ ನಿಂತಿತು. ದೊಡ್ಡದು, ಟಕ್. ಚಿಕ್ಕದು, ಟಕ್. ಇನ್ನೊಂದು ಚಿಕ್ಕದು, ಟಕ್. ಎಣ್ಣೆ ಬಟ್ಟೆಯಲ್ಲಿ ಒರೆಸಿ ಒಳಗಿಟ್ಟ. ಮುಂದಿನದಕ್ಕೆ ಕೈ ಹಾಕಿದ. ಮಗ ಬಾಗಿಲಲ್ಲಿ ನಿಂತು ಅಮ್ಮನಿಗೆ ಕಣ್ಣು ಹೊಡೆದ.

ಮುರಿದ ಅರ್ಧವನ್ನು ಎಸೆಯಲು ಅವಳಿಗೆ ಮನಸ್ಸು ಬರಲಿಲ್ಲ. ಗುಂಡಿ ಡಬ್ಬದ ತಳದಲ್ಲಿ ಹಾಕಿದಳು.

ಏಳು ವಾರ ಕಳೆಯಿತು. ವಿಷಯ ಮರೆತೇಹೋಗುವುದರಲ್ಲಿತ್ತು. ಅಷ್ಟರಲ್ಲಿ ಫುಟ್‌ಪಾತಿನ ಮೇಜುಗಳೆಲ್ಲ ತಿಂಗಳ ಕೊನೆಗೆ ಎದ್ದುಹೋಗಬೇಕೆಂದು ನೋಟೀಸು ಅಂಟಿಸಿದರು.

ಬಸ್ ನಿಲ್ದಾಣದ ಪಕ್ಕ ಒಂದು ಅಂಗಡಿ ಖಾಲಿ ಇತ್ತು. ಬಾಗಿಲಿರುವ ಅಂಗಡಿ. ಅಡ್ವಾನ್ಸು ಎಂಬತ್ತು ಸಾವಿರ, ಎರಡು ವಾರದೊಳಗೆ. ಮಗನ ಕೈಲಿ ಹನ್ನೊಂದು ಸಾವಿರ ಇತ್ತು, ಅದೂ ಹೊಸ ಕೀಲಿ ಮಿಷಿನ್ನಿಗೆಂದು ಎತ್ತಿಟ್ಟದ್ದು. ರಾತ್ರಿ ಊಟಕ್ಕೆ ನಾಲ್ವರೂ ಕೂತಾಗ ಮಾತು ಅದರ ಮೇಲೇ ಬಂತು.

ಸೊಸೆ ಲಾಂಡ್ರಿಯ ಕೌಂಟರಿನಲ್ಲಿ ಕೂರುವವಳು. ದಿನವಿಡೀ ಜನರ ಕಲೆಯ ಬಟ್ಟೆ ಬಿಡಿಸಿ ನೋಡಿ ನೋಡಿ, ಇದ್ದದ್ದನ್ನು ಇದ್ದ ಹಾಗೆ ಹೇಳುವ ಅಭ್ಯಾಸ ಅವಳಿಗೆ.

"ಮಾವ, ಆ ಡ್ರಾಯರಿನಲ್ಲಿ ಒಂದು ಅಂಗಡಿ ಮಲಗಿದೆ. ಎಬ್ಬಿಸಬಾರದಾ?"

"ಅದು ಅಂಗಡಿ ಅಲ್ಲ."

"ಕಬ್ಬಿಣಾನೇ ತಾನೇ?"

"ಉಕ್ಕು."

"ಸರಿ, ಉಕ್ಕು. ಅತ್ತೆ, ನಾಳೆಯಿಂದ ಉಕ್ಕು ಬೇಯಿಸಿ. ಸ್ವಲ್ಪ ಉಪ್ಪು ಜಾಸ್ತಿ ಹಾಕಿ."

"ನಿನ್ನ ಗಂಡನಿಗೆ ಕೈಕಸುಬು ಕಲಿ ಅಂತ ಎಷ್ಟು ಹೇಳಿದೆ," ಎಂದ ಮೇಸ್ತ್ರಿ. "ಕೀಲಿ ಕೊರೆಯೋದು ಕಸುಬಾ? ಮಿಷಿನ್ನು ಕೊರೆಯುತ್ತೆ, ಇವನು ಹಿಡ್ಕೊಂಡು ನಿಂತಿರ್ತಾನೆ."

ಮಗ ತಟ್ಟೆಯಿಂದ ತಲೆಯೆತ್ತಿದ. ಅವನ ದವಡೆ ಅಲುಗಿತು. ಕಾಜಾದಮ್ಮನ ಕಡೆ ಒಮ್ಮೆ ನೋಡಿ ಮತ್ತೆ ತಲೆ ತಗ್ಗಿಸಿದ.

"ನಿಮಗೆ ಮಗನಿಗಿಂತ ಚಾಕು ಹೆಚ್ಚು. ಅಷ್ಟು ಹೇಳಿಬಿಡಿ, ಮುಗೀತು," ಎಂದಳು ಸೊಸೆ.

ಮೇಸ್ತ್ರಿ ಅರ್ಧ ಊಟಕ್ಕೆ ಎದ್ದುಹೋದ. ಮೂರು ದಿನ ಮನೆಯಲ್ಲಿ ಪಾತ್ರೆಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ, ಚಹಾಕ್ಕೆ ಬ್ರೆಡ್ಡು ಅದ್ದುತ್ತಾ, ಅವನು ಗೋಡೆಗೆ ಹೇಳುವ ಹಾಗೆ ಹೇಳಿದ:

"ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದ್ದೆ. ಶನಿವಾರ ಹನ್ನೊಂದಕ್ಕೆ ಬರ್ತಾರೆ. ಜಿಂಕೆ ಕೊಂಬಿನದು ಕೊಡ್ತಿದೀನಿ. ಎಂಬತ್ತೈದಕ್ಕೆ ಒಪ್ಪಿದಾರೆ."

ಸೊಸೆಯ ಕೈಯಲ್ಲಿದ್ದ ಲೋಟ ಮೇಜಿಗೆ ತಾಗಿ ಚಹಾ ಚೆಲ್ಲಿತು. "ಎಂಬತ್ತೈದು ಸಾವಿರನಾ ಮಾವ?"

"ಆರು ವರ್ಷದಿಂದ ಕೇಳ್ತಿದಾರೆ. ಅಂಥದು ಅವರ ಹತ್ತಿರವೂ ಇಲ್ಲ."

ಮಗನ ಮುಖ ಬಿಳಿಚಿತು. "ಅಪ್ಪ, ಅದು ಬೇಡ. ಬೇರೆ ಯಾವುದಾದರೂ ಕೊಡಿ."

"ಏನು?"

"ಅದು ನಿಮಗೆ ಇಷ್ಟ ಅಲ್ವಾ. ಬೇರೆ ನಾಲ್ಕೈದು ಸೇರಿಸಿ..."

"ನಾಲ್ಕೈದಲ್ಲ, ಇಪ್ಪತ್ತು ಸೇರಿಸಿದರೂ ಅಷ್ಟು ಬರಲ್ಲ." ಮೇಸ್ತ್ರಿ ಬ್ರೆಡ್ಡು ಕೆಳಗಿಟ್ಟ. "ಮೊನ್ನೆ ಚಾಕು ಹೆಚ್ಚೋ ಮಗ ಹೆಚ್ಚೋ ಅಂದ್ರಿ. ಇವತ್ತು ಇರೋದರಲ್ಲಿ ಒಳ್ಳೇದು ಕೊಡ್ತೀನಿ ಅಂದ್ರೆ ಬೇಡ ಅಂತೀರಿ. ನಿಮಗೆ ಬೇಕಾಗಿದ್ದು ಅಂಗಡಿನೋ, ಜಗಳನೋ?"

"ನಿಮ್ಮ ಮಗನಿಗೆ ತಲೆ ಕೆಟ್ಟಿದೆ ಮಾವ, ನೀವು ತಿನ್ನಿ," ಎಂದಳು ಸೊಸೆ, ಮತ್ತು ತನ್ನ ಪಾಲಿನ ಮೊಟ್ಟೆಯನ್ನು ಮಾವನ ತಟ್ಟೆಗೆ ಹಾಕಿದಳು. ಮದುವೆಯಾಗಿ ಬಂದ ಐದು ವರ್ಷದಲ್ಲಿ ಮೊದಲ ಸಲ.

ಆಮೇಲಿನ ದಿನಗಳು ಕಾಜಾದಮ್ಮನಿಗೆ ಮುಳ್ಳಿನ ಮೇಲೆ ಕಳೆದವು. ಸೊಸೆ ಮಾವನ ಹಳೇ ಕೋಟನ್ನು ಲಾಂಡ್ರಿಗೆ ಒಯ್ದು ಬಿಟ್ಟಿ ಇಸ್ತ್ರಿ ಮಾಡಿಸಿ ತಂದಳು. ಮಗ ಅಂಗಡಿಯ ಯಜಮಾನನಿಗೆ ಹೇಳಿ ಬಂದ. ಅಡಿಗೆಮನೆಯಲ್ಲಿ ಅವನೊಬ್ಬನೇ ಸಿಕ್ಕಾಗ ಅವಳು ಬಾಗಿಲು ಮುಂದೆ ಮಾಡಿದಳು.

"ನಾನು ನಿಮ್ಮಪ್ಪನಿಗೆ ಹೇಳಿಬಿಡ್ತೀನಿ."

"ಅಮ್ಮ, ಬಾಯಿಗೆ ಬೀಗ ಹಾಕ್ಕೋ."

"ದಿನಾ ಬೀಗ ತೆಗೆಯೋನು ನೀನು. ನನಗೆ ಹಾಕ್ಕೋ ಅಂತೀಯಾ?"

"ನೋಡು, ಅಪ್ಪನಿಗೇ ಗೊತ್ತಾಗಲಿಲ್ಲ. ಏಳು ವಾರ, ಏಳು ಭಾನುವಾರ ಕಿವಿಗಿಟ್ಟು ಕೇಳಿದರು. ಅವರಿಗೇ ಗೊತ್ತಾಗದ್ದು ಡಾಕ್ಟರಿಗೆ ಗೊತ್ತಾಗುತ್ತಾ?"

"ಗೊತ್ತಾಗೋದು ಬಿಡೋದು ಬೇರೆ. ಅವರು ಚೀಟಿ ಬರೀತಾರಲ್ಲೋ."

"ಚೀಟಿ! ಅಂಗೈಯಗಲದ ಕಾಗದ. ಅದಕ್ಕೆ ನಾನು ಬೀದಿಲಿ ನಿಲ್ಲಬೇಕಾ? ನೀನು ಮುರಿದೆ, ನಾನು ಮುಚ್ಚಿದೆ. ನಿನಗೋಸ್ಕರ ಮುಚ್ಚಿದ್ದು, ನೆನಪಿರಲಿ."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆದರೂ ಬುಧವಾರ ಅವಳು ಗಂಡನ ಮುಂದೆ ಹೋಗಿ ಕೂತಳು. ಮೇಸ್ತ್ರಿ ಜಿಂಕೆ ಕೊಂಬಿನದನ್ನು ಒರೆಸುತ್ತಿದ್ದ. ಅದನ್ನು ಅವನು ಇಪ್ಪತ್ತೆರಡು ವರ್ಷದ ಹಿಂದೆ ಗುಜರಿಯವನ ಚೀಲದಿಂದ ಒಂದು ಊಟದ ದುಡ್ಡಿಗೆ ತೆಗೆದದ್ದು.

"ರೀ, ಒಂದು ಮಾತು..."

"ನೀನೂ ಹಾಗೇ ಅಂದುಕೊಂಡಿದ್ದೆ, ಅಲ್ವಾ?" ಎಂದ ಅವನು. "ಮಗನಿಗೆ ನಾನು ಏನೂ ಮಾಡಲಿಲ್ಲ ಅಂತ. ಹೇಳು, ಪರವಾಗಿಲ್ಲ." ಮೊದಲ ಸಂಬಳ ತಂದ ದಿನದ ಮುಖ ಅದು. ಅವಳು ಆ ಮುಖವನ್ನು ಬಹಳ ವರ್ಷದಿಂದ ನೋಡಿರಲಿಲ್ಲ. "ಚಹಾ ಬೇಕಾ ಅಂತ ಕೇಳೋಕೆ ಬಂದೆ," ಎಂದು ಎದ್ದುಬಿಟ್ಟಳು.

ಶುಕ್ರವಾರ ಹೇಳೋಣವೆಂದುಕೊಂಡಳು. ಶುಕ್ರವಾರ, ಎರಡು ದಿನದ ರಜಾ ಹಾಕಿದ್ದ ಸೊಸೆ ಅವಳ ಪಕ್ಕದಲ್ಲೇ ಕೂತು, ಅಂಗಡಿಯ ಬಾಗಿಲಿಗೆ ಯಾವ ಬಣ್ಣ ಒಳ್ಳೆಯದೆಂದು ಸಂಜೆಯವರೆಗೂ ಮಾತಾಡಿದಳು. ನೀಲಿ ಎಂದು ತೀರ್ಮಾನವಾಯಿತು.

ಶನಿವಾರ ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಹಲ್ಲಿನ ಡಾಕ್ಟರು ಬಂದರು. ದಪ್ಪ ಕನ್ನಡಕದ, ಮಾತು ಕಡಿಮೆಯ ಮನುಷ್ಯ. ಕಿಟಕಿಯ ಹತ್ತಿರ ಮೇಜು ಹಾಕಿದ್ದರು. ಡಾಕ್ಟರು ಭೂತಗನ್ನಡಿ ತೆಗೆದು, "ಎಲ್ಲಿ, ಬಾಯಿ ತೆಗೀಪ್ಪ," ಎಂದು ಚಾಕುವಿಗೇ ಹೇಳಿದರು. ಸೊಸೆ ಗಟ್ಟಿಯಾಗಿ ನಕ್ಕಳು. ಮಗ ನಗಲಿಲ್ಲ.

ಡಾಕ್ಟರು ಕಾಲು ಗಂಟೆ ನೋಡಿದರು. ಅಲಗಿನ ಬುಡದ ಮುದ್ರೆ ನೋಡಿದರು. ಬೆಳಕಿಗೆ ಹಿಡಿದು ಸಂದು ನೋಡಿದರು. ಮೊಳೆಯ ಮೇಲೆ ಉಗುರು ಆಡಿಸಿದರು. ಕಾಜಾದಮ್ಮನ ಕೈಯಲ್ಲಿದ್ದ ಅಂಗಿ ಮುದ್ದೆಯಾಗಿತ್ತು.

"ಚೆನ್ನಾಗಿದೆ," ಎಂದರು ಡಾಕ್ಟರು. ಕೋಟಿನೊಳಗಿಂದ ದಪ್ಪ ಲಕೋಟೆ ತೆಗೆದು ಮೇಜಿನ ಮೇಲಿಟ್ಟರು. "ಚೀಟಿ ಬರೆದುಬಿಡಿ ಮೇಸ್ತ್ರಿ."

ಮೇಸ್ತ್ರಿ ಕಾಗದ ನೇರ ಮಾಡಿಕೊಂಡು ಬರೆಯತೊಡಗಿದ. ಅವನ ಅಕ್ಷರ ನಿಧಾನ. ಮರದಲ್ಲಿ ಕೊರೆದ ಹಾಗೆ ಒಂದೊಂದೇ ಬರುತ್ತಿತ್ತು. 'ಮೂರೂ ಅಲಗು ಜೊತೆಗೆ...'

"ಬರೀಬೇಡಿ," ಎಂದಳು ಕಾಜಾದಮ್ಮ.

ಪೆನ್ನು ನಿಂತಿತು.

"ಅಮ್ಮ!" ಎಂದ ಮಗ.

"ಒಂದು ಅಲಗು ಬೇರೇದು. ನಾನು ಕಾಲರು ಸೀಳೋಕೆ ತಗೊಂಡು ಮುರಿದೆ. ಇವನು ಡಬ್ಬದಿಂದ ಬೇರೇದು ತೆಗೆದು ಹಾಕಿದ. ನಾನೇ ಹಾಕಿಸಿದೆ."

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತಾ ಹೋದರು. ಮೇಸ್ತ್ರಿ ಹೆಂಡತಿಯನ್ನು ನೋಡಲಿಲ್ಲ. "ಯಾವುದು?" ಎಂದ.

"ಎಡಗಡೆ ಚಿಕ್ಕದು," ಎಂದ ಮಗ, ನೆಲ ನೋಡುತ್ತಾ.

ಮೇಸ್ತ್ರಿ ಅದನ್ನು ಕಿವಿಗೆ ಹಿಡಿದು ತೆರೆದ. ಬಲಗಡೆಯದನ್ನು ತೆರೆದ. ಮತ್ತೆ ಎಡ, ಮತ್ತೆ ಬಲ. ಆರು ಸಲ, ಏಳು ಸಲ. ಆಮೇಲೆ ಇನ್ನೊಂದು ಕಿವಿಗೆ ಬದಲಾಯಿಸಿದ. "ನನಗೆ ಎರಡೂ ಒಂದೇ ಕೇಳಿಸ್ತಿದೆ," ಎಂದ. ಯಾರಿಗೆ ಹೇಳಿದನೋ ತಿಳಿಯಲಿಲ್ಲ.

ಡಾಕ್ಟರು ತೆಗೆದುಕೊಂಡು ಕೇಳಿದರು. "ಎಡಗಡೇದು ಒಂದು ಚೂರು ಮಂದ. ಹೇಳಿದ ಮೇಲೆ ಕೇಳಿಸುತ್ತೆ."

"ಹೇಳದಿದ್ದರೆ?" ಎಂದ ಮಗ. ಅವನ ದನಿಯಲ್ಲಿ ಇನ್ನೂ ಆಸೆಯಿತ್ತು.

"ಈಗ ದುಡ್ಡು ಕೊಟ್ಟು ಹೋಗ್ತಿದ್ದೆ. ಒಂದು ತಿಂಗಳಿಗೋ ಎರಡು ತಿಂಗಳಿಗೋ ಗೊತ್ತಾಗ್ತಿತ್ತು."

"ಆಗ ವಾಪಸ್ಸು ತರ್ತಿದ್ರಾ?"

"ಇಲ್ಲಪ್ಪ. ನಿಮ್ಮ ತಂದೆ ಹತ್ತಿರ ಹೋಗಿ ಅದನ್ನ ಹೇಗೆ ಹೇಳಲಿ? ಸುಮ್ಮನೆ ಬರೋದು ಬಿಟ್ಟುಬಿಡ್ತಿದ್ದೆ. ಉಳಿದವರೂ ಬಿಡ್ತಿದ್ರು."

ಮೇಸ್ತ್ರಿ ಬರೆದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ. ಬೇರೆ ಕಾಗದ ತೆಗೆದು ಬರೆದ: 'ಎರಡು ಅಲಗು ಜೊತೆಗೆ ಹುಟ್ಟಿದವು. ಎಡಗಡೆಯ ಚಿಕ್ಕದು ಬದಲಿ. ಬದಲಿಸಿದವನು ನನ್ನ ಮಗ.' ಸಹಿ ಹಾಕಿದ. "ಮುರಿದದ್ದು ಎಲ್ಲಿ?" ಎಂದು ಕೇಳಿದ. ಕಾಜಾದಮ್ಮ ಗುಂಡಿ ಡಬ್ಬ ತಂದು ಮೇಜಿನ ಮೇಲೆ ಸುರಿದಳು. ಬಿಳೀ ಗುಂಡಿಗಳ ಮಧ್ಯದಿಂದ ಆ ಅರ್ಧ ಅಲಗನ್ನು ಅವನೇ ಆರಿಸಿ, ಚೀಟಿಯಲ್ಲಿ ಸುತ್ತಿದ.

"ಈಗ ಏನು ಕೊಡ್ತೀರಿ?"

"ಮೂವತ್ತು," ಎಂದರು ಡಾಕ್ಟರು. "ಅದಕ್ಕಿಂತ ಹೆಚ್ಚು ಕೊಟ್ಟರೆ ದಯೆ ತೋರಿಸಿದ ಹಾಗಾಗುತ್ತೆ. ನೀವು ತಗೊಳ್ಳಲ್ಲ."

ಲಕೋಟೆಯಿಂದ ಮೂವತ್ತು ಎಣಿಸಿಟ್ಟು, ಉಳಿದದ್ದನ್ನೂ ಚಾಕುವನ್ನೂ ಕೋಟಿನೊಳಗೆ ಸೇರಿಸಿ ಹೊರಟರು. ಸೊಸೆ ಚಹಾದ ತಟ್ಟೆ ಹಿಡಿದು ಅಡಿಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಚಹಾ ಯಾರೂ ಕುಡಿಯಲಿಲ್ಲ.

"ಐವತ್ತೈದು ಸಾವಿರ, ಅತ್ತೆ," ಎಂದಳು. "ಒಂದು ಮಾತಿಗೆ. ನಿಮ್ಮ ಕಾಜಾ ಲೆಕ್ಕದಲ್ಲಿ ಎಷ್ಟು ದಿನ ಆಯ್ತು? ಅದನ್ನೂ ಹೇಳಿ."

"ನಾನೂರ ಮೂವತ್ತೇಳು," ಎಂದಳು ಕಾಜಾದಮ್ಮ. ಅವಳು ಆಗಲೇ ಲೆಕ್ಕ ಹಾಕಿದ್ದಳು.

"ಮೊದಲೇ ಹೇಳಬಹುದಿತ್ತಲ್ಲ. ಬಣ್ಣ ಆರಿಸುವವರೆಗೂ ಯಾಕೆ ಬಿಟ್ರಿ?"

"ಹೆದರಿದ್ದೆ ಕಣೇ."

"ಯಾರಿಗೆ?"

"ನಿಮ್ಮೆಲ್ಲರಿಗೂ."

ಸೊಸೆ ತಟ್ಟೆಯನ್ನು ಕುಕ್ಕಿ, ಚಪ್ಪಲಿ ಮೆಟ್ಟಿ, ರಜಾ ದಿನವಾದರೂ ಲಾಂಡ್ರಿಗೆ ಹೋದಳು.

ಮೇಸ್ತ್ರಿ ಒಂಬತ್ತು ದಿನ ಹೆಂಡತಿಯ ಜೊತೆಗೂ ಮಗನ ಜೊತೆಗೂ ಮಾತಾಡಲಿಲ್ಲ. ಎಲ್ಲವೂ ಸೊಸೆಯ ಮೂಲಕ. "ನಿನ್ನ ಅತ್ತೆಗೆ ಹೇಳು, ಉಪ್ಪು ಕಡಿಮೆ." ಸೊಸೆ ಮೊದಮೊದಲು ಹೇಳುತ್ತಿದ್ದಳು. ಐದನೆಯ ದಿನ, "ಮಾವ, ಅವರು ನಿಮ್ಮ ಮೊಣಕೈ ಪಕ್ಕದಲ್ಲೇ ಇದಾರೆ. ನಾನು ಪೋಸ್ಟ್ ಆಫೀಸಲ್ಲ," ಎಂದಳು. ಆದರೆ ಅವಳೂ ಅತ್ತೆಯ ಜೊತೆ ಬೇಕಾದಷ್ಟೇ ಮಾತು. ಅಂಗಡಿ ಬೇರೆಯವನ ಪಾಲಾಯಿತು. ಮೊಬೈಲ್ ಕವರು ಮಾರುವವನೊಬ್ಬ ಅಡ್ವಾನ್ಸು ಕೊಟ್ಟು, ಬಾಗಿಲಿಗೆ ಹಳದಿ ಬಣ್ಣ ಹೊಡೆಸಿದ. ಆ ದಾರಿಯಲ್ಲಿ ಹೋಗುವುದನ್ನು ಮಗ ಬಿಟ್ಟ.

ಹತ್ತನೆಯ ದಿನ ಮೇಸ್ತ್ರಿ ಬಾಯಿ ಬಿಟ್ಟಾಗ ಕಾಜಾದಮ್ಮ ಅಕ್ಕಿ ಆರಿಸುತ್ತಿದ್ದಳು.

"ಮುರಿದದ್ದಕ್ಕೆ ನನಗೆ ಕೋಪ ಇಲ್ಲ."

"ಇಲ್ಲದಿದ್ದರೆ ಒಂಬತ್ತು ದಿನ ಯಾಕೆ ಗೋಡೆ ನೋಡಿದ್ರಿ?"

"ಏಳು ಭಾನುವಾರ ನಾನು ಅದನ್ನ ಕಿವಿಗಿಟ್ಟೆ. ನೀನು ಇಲ್ಲೇ ಕೂತು ನೋಡ್ತಿದ್ದೆ. ನನಗೆ ಕೇಳಿಸ್ತಿಲ್ಲ ಅಂತ ನಿನಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ." ಅವನು ಕಿವಿ ಉಜ್ಜಿಕೊಂಡ. "ಎರಡು ವರ್ಷದಲ್ಲಿ ಆರು ಚೀಟಿ ಬರೆದಿದೀನಿ. ಅದರಲ್ಲಿ ಎಷ್ಟು ನಿಜವೋ ಯಾರಿಗೆ ಗೊತ್ತು."

ಅವಳು ಅಕ್ಕಿಯಿಂದ ಕೈ ತೆಗೆದಳು. ಇದು ಅವಳಿಗೆ ಹೊಳೆದೇ ಇರಲಿಲ್ಲ. ಗಂಡನಿಗೆ ಗೊತ್ತಾಗಲಿಲ್ಲವೆಂದು ಅವಳು ಬರೀ ನಿಟ್ಟುಸಿರು ಬಿಟ್ಟಿದ್ದಳು.

ಮೇಸ್ತ್ರಿ ಆರು ಜನಕ್ಕೂ ಫೋನ್ ಮಾಡಿದ. ನನ್ನ ಕಿವಿ ಮಂದವಾಗಿದೆ, ನಿಮಗೆ ಕೊಟ್ಟದ್ದನ್ನು ಇನ್ನೊಬ್ಬರ ಹತ್ತಿರ ತೋರಿಸಿ ಎಂದ. ಅಷ್ಟು ಹೇಳಲು ಒಂದೊಂದು ಸಲವೂ ಅವನಿಗೆ ಒಂದು ಲೋಟ ನೀರು ಬೇಕಾಯಿತು. ಐದು ಜನ ಸರಿಯಿದೆ ಎಂದರು. ಒಂದು ಚಾಕು ವಾಪಸ್ಸು ಬಂತು. ಅದರ ದೊಡ್ಡ ಅಲಗು ಯಾವತ್ತೋ ಬದಲಾಗಿತ್ತು. ಮೇಸ್ತ್ರಿ ಅದನ್ನು ಬಿಸ್ಕತ್ತಿನ ಡಬ್ಬಕ್ಕೆ ಹಾಕಿ, ಮೂವತ್ತರಲ್ಲಿ ಒಂಬತ್ತು ಸಾವಿರ ಎಣಿಸಿ ಕೊಟ್ಟ.

"ಮಾವ, ಇನ್ನು ಯಾರಿಗಾದರೂ ಫೋನ್ ಮಾಡೋದು ಬಾಕಿ ಇದೆಯಾ?" ಎಂದಳು ಸೊಸೆ. "ಇದ್ದರೆ ಈಗಲೇ ಹೇಳಿ, ನಾನು ಮೊದಲು ಅಕ್ಕಿ ತಂದಿಟ್ಕೋತೀನಿ."

ಆ ಭಾನುವಾರ ಅವನು ಮಗನನ್ನು ಮೇಜಿಗೆ ಕರೆದ. ಡ್ರಾಯರನ್ನು ಪೂರ್ತಿ ಎಳೆದು ಎದುರಿಗಿಟ್ಟ.

"ಬೀಗ ಕೀಲಿ ಇಲ್ಲದೆ ಹೇಗೆ ತೆಗೀತೀಯ?"

"ಒಳಗಿನ ಪಿನ್ನು ಒಂದೊಂದೇ ಕೂರೋದು ಕೇಳಿಸುತ್ತೆ. ಬೆರಳಿಗೂ ಗೊತ್ತಾಗುತ್ತೆ."

"ನನಗೆ ಇದನ್ನ ಯಾವತ್ತೂ ಹೇಳಲಿಲ್ಲ."

"ನೀವು ಕೇಳಲಿಲ್ಲ. ಮಿಷಿನ್ನು ಮಾಡುತ್ತೆ ಅಂದ್ರಿ."

ಮೇಸ್ತ್ರಿ ಮೊದಲನೆಯ ಚಾಕುವನ್ನು ಅವನ ಕಡೆ ತಳ್ಳಿದ. "ಕೇಳು."

ಬೆಳಗ್ಗೆ ಕೂತವರು ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಕಾಜಾದಮ್ಮ ಅಲ್ಲಿಗೇ ತಟ್ಟೆ ಕೊಟ್ಟಳು. ಟಕ್, ಟಕ್. "ಸರಿ." ಟಕ್, ಟಕ್. "ಸರಿ." ಜಗಳವೂ ಆಯಿತು. "ಇದು ಸರಿಯಿಲ್ಲ ಅಪ್ಪ." "ಸರಿಯಿದೆ, ಎಣ್ಣೆ ಒಣಗಿದೆ." "ಎಣ್ಣೆ ಅಲ್ಲ, ಮೊಳೆ ಹೊಸದು. ಈ ಮೊಳೆ ಉಜ್ಜಿರೋ ರೀತಿ ನೋಡಿ, ನಾನೂ ಹೀಗೇ ಉಜ್ಜಿದ್ದು." ಮೇಸ್ತ್ರಿ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ. "ನೀನು ಇದಕ್ಕಿಂತ ಚೆನ್ನಾಗಿ ಉಜ್ಜಿದ್ದೆ," ಎಂದ. ಆ ಮನೆಯಲ್ಲಿ ಮಗನ ಕೈಕೆಲಸಕ್ಕೆ ಸಿಕ್ಕ ಮೊದಲ ಹೊಗಳಿಕೆ ಅದು; ಅದೂ ಹೀಗೆ, ಕಳ್ಳ ಮೊಳೆಯ ಮೇಲೆ ಕೂತು ಬಂತು.

ನಲವತ್ತರಲ್ಲಿ ಮೂರು ಕೆಟ್ಟವು ಸಿಕ್ಕಿದವು. ಅವುಗಳಲ್ಲೊಂದು, ಆಗ ಬಜಾರಿನಿಂದ ತಂದ ಮೂರು ಸಾವಿರದ ಏಳುನೂರರದು. ಮೇಸ್ತ್ರಿ ಹೆಂಡತಿಯ ಕಡೆ ನೋಡಿದ. ಕಾಜಾದಮ್ಮನ ನಾಲಿಗೆ ತುದಿಯಲ್ಲಿ ಇಪ್ಪತ್ತೊಂಬತ್ತು ದಿನ ಬಂದು ಕೂತಿತ್ತು. ಅವಳು ಅದನ್ನು ನುಂಗಿ, "ಇನ್ನೊಂದು ಚೂರು ಅನ್ನ ಹಾಕಲಾ?" ಎಂದಳು.

ಅವನು ಆ ಚಾಕುವನ್ನೇ ಅವಳ ಕಡೆ ಸರಿಸಿದ. "ತಗೋ. ಕಾಲರು ಸೀಳೋಕೆ. ಮುರಿದರೆ ಹೇಳಬೇಡ."

"ಹೇಳ್ತೀನಿ," ಎಂದಳು ಅವಳು. "ಅವತ್ತೇ ಹೇಳ್ತೀನಿ."

ಉಳಿದ ಇಪ್ಪತ್ತೊಂದು ಸಾವಿರಕ್ಕೆ ಮಗ ತಗಡಿನ ಮಾಡಿನ ಒಂದು ಹಳೇ ತಳ್ಳುಗಾಡಿ ಕೊಂಡ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಿಲ್ಲಲು ಜಾಗ ಸಿಕ್ಕಿತು. ಅಲ್ಲಿ ಜನ ಕಡಿಮೆ. ದಿನಕ್ಕೆ ಮುಂಚಿನ ಅರ್ಧದಷ್ಟು ಕೀಲಿ. ಸೊಸೆ ಗಾಡಿಗೆ ನೀಲಿ ಬಣ್ಣ ತಾನೇ ಹೊಡೆದಳು, ಹೊಡೆಯುವಾಗ ಅತ್ತೆ ಡಬ್ಬ ಹಿಡಿದುಕೊಂಡಿದ್ದಳು. "ಇದು ಅಂಗಡಿ ಅಲ್ಲ ಅತ್ತೆ," ಎಂದಳು ಸೊಸೆ, ಕುಂಚ ಎತ್ತದೆ. "ಅಲ್ಲ," ಎಂದಳು ಕಾಜಾದಮ್ಮ. ಅದರ ಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ.

ಒಂದು ತಿಂಗಳ ನಂತರ ಹಲ್ಲಿನ ಡಾಕ್ಟರು ಬಂದು, ಬೇರೆ ಕಡೆ ಕೊಳ್ಳಬೇಕೆಂದಿದ್ದ ಒಂದು ಚಾಕುವನ್ನು ಕೇಳಿ ನೋಡಲು ಕೊಟ್ಟರು. ಮಗ ಕೇಳಿದ, ಮೇಸ್ತ್ರಿ ಬರೆದ, ಕೆಳಗೆ ಇಬ್ಬರೂ ಸಹಿ ಹಾಕಿದರು. ಅದಕ್ಕೆ ಡಾಕ್ಟರು ಇನ್ನೂರು ಕೊಟ್ಟರು.

ಬಸ್ ನಿಲ್ದಾಣದ ಅಂಗಡಿ ಹೋಯಿತು. ಅಂಥದು ಮತ್ತೆ ಸಿಗಲಿಲ್ಲ. ಜಿಂಕೆ ಕೊಂಬಿನದು ಹೋಯಿತು. ಮೇಸ್ತ್ರಿಯ ಕಿವಿ ಹೋಯಿತು. ಡ್ರಾಯರಿನಲ್ಲಿ ಮೂವತ್ತೇಳು ಚಾಕು ಉಳಿದವು, ಮೂವತ್ತೇಳೂ ಸರಿಯಾದವು. ಎರಡು ಸಹಿಯ ಚೀಟಿ ಇವತ್ತಿಗೂ ನಡೆಯುತ್ತದೆ.